ಅಂಗಡಿ ಕಸ್ತೂರಮ್ಮನ ಗುಮಾನಿ

ಸಗರದ ಸರ್ಕಾರಿ ಶಾಲೆಯ ಗೇಟಿಗೆ ಎದುರಾಗಿ ಕಸ್ತೂರಮ್ಮನ ಕಿರಾಣಿ ಅಂಗಡಿ. ಊರಿನಲ್ಲಿ ಇನ್ನೂ ನಾಲ್ಕು ಅಂಗಡಿಗಳಿದ್ದವು. ಆದರೆ ಗಿರಾಕಿಗಳು ಇಷ್ಟು ಮೈ ಬಿಗಿಹಿಡಿದು ನಿಲ್ಲುತ್ತಿದ್ದದ್ದು ಇದೊಂದರಲ್ಲೇ. ಬೆಲ್ಲದ ಪೆಂಟೆಯ ಮೇಲೆ ಯಾರಾದರೂ ಸುಮ್ಮನೆ ಕೈಯಿಟ್ಟರೂ "ಕೈ ತೆಗಿ, ಬೇಕಾದ್ರ ಬಾಯಿಲೆ ಹೇಳು" ಎನ್ನುತ್ತಿದ್ದಳು. ಹಿಂದಿನ ಕಪಾಟಿನಿಂದ ಏನಾದರೂ ತೆಗೆಯಲು ಬೆನ್ನು ತಿರುಗಿಸಿದಾಗಲೂ ಕಣ್ಣು ಗಿರಾಕಿಯ ಕೈಮೇಲೇ ಇರಬೇಕೆಂದು ಕಪಾಟಿನ ಮೂಲೆಗೆ ಗಡ್ಡ ಹೆರೆಯುವಾಗ ನೋಡಿಕೊಳ್ಳುವ ಪುಟ್ಟ ಕನ್ನಡಿಯೊಂದನ್ನು ದಾರ ಕಟ್ಟಿ ಇಳಿಬಿಟ್ಟಿದ್ದಳು. ಶಾಲೆಯ ಮಕ್ಕಳು ಆಕೆಗೆ ಇಟ್ಟಿದ್ದ ಹೆಸರು ‘ಬೆನ್ನಾಗ ಕಣ್ಣಿನ ಆಯಿ’.

ಹುಟ್ಟುವಾಗ ಆಕೆ ಹೀಗಿರಲಿಲ್ಲ. ಗೋಗಿಯ ತವರಿನಲ್ಲಿ ಬಾಗಿಲಿಗೆ ಚಿಲಕವೇ ಇರಲಿಲ್ಲ. ಹಗಲೆಲ್ಲ ಯಾರೋ ಬರುವವರು, ಯಾರೋ ಹೋಗುವವರು. ಹದಿನಾರಕ್ಕೆ ಸಗರದ ಅಂಗಡಿಕಾರರ ಮನೆಗೆ ಸೊಸೆಯಾಗಿ ಬಂದಳು. ಅತ್ತೆ ಹಂಪಮ್ಮ ಬುಟ್ಟಿಯೊಳಗಿನ ರೊಟ್ಟಿಯನ್ನೂ ಎಣಿಸಿ ಮುಚ್ಚುವವಳು. ಮೊದಲ ಪಂಚಮಿಗೆ ತವರಿಗೆ ಹೊರಟಾಗ ಸೊಸೆಯ ಚೀಲ ಬಿಚ್ಚಿ, ಸೀರೆಯ ಮಡಿಕೆ ಮಡಿಕೆಯಲ್ಲೂ ಕೈಯಾಡಿಸಿ ನೋಡಿದಳು. ಕಸ್ತೂರಿ ಅತ್ತಳು. ಹಂಪಮ್ಮ ಚೀಲ ಕಟ್ಟಿಕೊಡುತ್ತ, "ಯಾಕ ಅಳತಿ? ನನ್ನ ಅತ್ತೀನೂ ಹಿಂಗ ನೋಡತಿದ್ಲು. ನಾ ಅತ್ತಿದ್ದಿಲ್ಲ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳಿಕೊಡುವ ದನಿಯಿತ್ತು. ಕಸ್ತೂರಿ ಕಲಿತಳು. ಮೂವತ್ತಾಗುವ ಹೊತ್ತಿಗೆ ರೊಟ್ಟಿ ಎಣಿಸುವುದರಲ್ಲಿ ಅತ್ತೆಯನ್ನೇ ಮೀರಿಸಿದಳು.

ಈಗ ಆಕೆಗೆ ಐವತ್ತೆಂಟು. ಗಂಡ ಮಲ್ಲಿನಾಥ ಮಾತು ಕಡಿಮೆಯ ಮನುಷ್ಯ. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂರುವವನು. ಮಗ ಮಹೇಶಕುಮಾರ ಮತ್ತು ಸೊಸೆ ಇಬ್ಬರೂ ಕಡೇಚೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಅಲ್ಲೇ ಬಾಡಿಗೆ ಕೋಣೆ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಅವರ ಮಗಳು ದಾನೇಶ್ವರಿ, ಒಂಬತ್ತು ವರ್ಷದ್ದು, ಆಯಿ-ಮುತ್ಯಾರ ಹತ್ತಿರ ಇದ್ದು ಎದುರಿನ ಶಾಲೆಯಲ್ಲೇ ನಾಲ್ಕನೆಯ ಇಯತ್ತೆ ಓದುತ್ತಿದ್ದಳು.

ಮಳೆಗಾಲ ಹಿಡಿದ ಒಂದು ಮಂಗಳವಾರ ಬೆಳಿಗ್ಗೆ, ಶಾಲೆಯ ಗಂಟೆಗೆ ಇನ್ನೂ ಹೊತ್ತಿರುವಾಗ, ದಾನೇಶ್ವರಿಯ ವಾರಿಗೆಯ ಹುಡುಗಿಯೊಬ್ಬಳು ಅಂಗಡಿಯ ಕಟ್ಟೆ ಹತ್ತಿ ನಿಂತಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಮುಷ್ಟಿ ಬಿಚ್ಚಿ, ಚಿಟ್ಟೆ ಆಕಾರದ ಒಂದು ತಲೆಕ್ಲಿಪ್ಪನ್ನು ಕಟ್ಟೆಯ ಮೇಲಿಟ್ಟಳು.

"ಶುಕ್ರವಾರ ನಾ ಇದನ್ನ ಕೇಳದ ಒಯ್ದಿದ್ದೆ. ತಪ್ಪಾತ್ರಿ ಅಮ್ಮಾರ."

ಕ್ಲಿಪ್ಪಿನ ಕಾರ್ಡಿನಲ್ಲಿ ಒಂದು ಕಡಿಮೆಯಾದದ್ದು ಕಸ್ತೂರಮ್ಮನಿಗೆ ಶುಕ್ರವಾರವೇ ಗೊತ್ತಾಗಿತ್ತು. ನಾಲ್ಕು ದಿನದಿಂದ ಯಾವ ಮಗು ಬಂದರೂ ಅದರ ತಲೆಯನ್ನೇ ಮೊದಲು ನೋಡುತ್ತಿದ್ದಳು. ಆದರೆ ಈಗ ಕ್ಲಿಪ್ಪು ಕಣ್ಣೆದುರಿಗೆ ಬಂದಾಗ ಆಕೆಗೆ ಸಮಾಧಾನವಾಗಲಿಲ್ಲ. ನಲವತ್ತು ವರ್ಷದ ವ್ಯಾಪಾರದಲ್ಲಿ ಕದ್ದವರನ್ನು ಹಿಡಿದಿದ್ದಳು, ಬಡಿದಿದ್ದಳು. ಕದ್ದು ತಂದುಕೊಟ್ಟವರನ್ನು ಮಾತ್ರ ಕಂಡಿರಲಿಲ್ಲ. ಹುಡುಗಿಯ ಮುಂಗೈ ಹಿಡಿದುಕೊಂಡಳು.

"ನಿನ್ನ ಯಾರು ಕಳಿಸ್ಯಾರ?"

"ಯಾರೂ ಇಲ್ರಿ."

"ಸುಳ್ಳ ಹೇಳಬ್ಯಾಡ. ಮತ್ತೇನೇನ್ ಒಯ್ದಿ? ಇದೊಂದು ತೋರಿಸಿ ಉಳದದ್ದು ಮುಚ್ಚಬೇಕಂತೀಯೇನ?"

"ಏನೂ ಒಯ್ದಿಲ್ರಿ. ಇದೊಂದ. ಒಯ್ದಾಗಿಂದ ಹೊಟ್ಯಾಗ ಒಂಥರಾ ಆಗ್ತಿತ್ತು. ಉಣ್ಣಾಕ ಆಗ್ತಿದ್ದಿಲ್ಲ." ಹುಡುಗಿಯ ಕಣ್ಣು ತುಂಬಿತ್ತು, ಆದರೆ ತಲೆ ತಗ್ಗಿಸಿರಲಿಲ್ಲ. "ನಮ್ಮ ತಸ್ಲೀಮಾ ಟೀಚರು ಹೇಳ್ಯಾರ, ತಪ್ಪು ಮಾಡಿದ್ರ ಅದು ಮೈಯಾಗ ಎಲ್ಲೋ ಒಂದ ಕಡಿ ಕುಂತಿರತದ, ಎಲ್ಲಿ ಕುಂತದ ನೋಡ್ಕೋರಿ ಅಂತ."

"ಓಹೋ. ಟೀಚರು ಕಳಿಸ್ಯಾಳ."

"ಇಲ್ರಿ. ಟೀಚರಿಗಿ ಗೊತ್ತ ಇಲ್ರಿ."

"ಯಾರ ಮಗಳು ನೀ?"

"ಬೀರಪ್ಪನ ಗುಡಿ ಹಿಂದಿನವರ್ರಿ. ಮಹಾನಂದಾ. ಶೇಖಮ್ಮನ ಮೊಮ್ಮಗಳು." ಹುಡುಗಿಯೇ ಸೇರಿಸಿದಳು: "ನಮ್ಮ ಆಯಿ ನಿಮ್ಮ ಅಂಗಡಿಗಿ ಹೋಗಬ್ಯಾಡ ಅಂತಾಳ."

ಕಸ್ತೂರಮ್ಮ ಹಿಡಿದ ಕೈ ಬಿಟ್ಟಳು. "ನಡಿ, ನಡಿ ಇಲ್ಲಿಂದ" ಎಂದಳು. ಹುಡುಗಿ ಕಣ್ಣೊರೆಸಿಕೊಂಡು ಶಾಲೆಯ ಕಡೆಗಲ್ಲ, ಮನೆಯ ಕಡೆಗೇ ಓಡಿದಳು.

ಶೇಖಮ್ಮನ ಹೆಸರು ಆ ಕಟ್ಟೆಯ ಮೇಲೆ ಹನ್ನೆರಡು ವರ್ಷದಿಂದ ಕೇಳಿಬಂದಿರಲಿಲ್ಲ. ಕುರಿ ಸಾಕುವ ಮನೆಯ ಹೆಣ್ಣುಮಗಳು ಆಕೆ. ಒಂಬತ್ತು ವರ್ಷ ಇದೇ ಅಂಗಡಿಯ ಹಿತ್ತಲಲ್ಲಿ ಮೊರ ಹಿಡಿದು ಬೇಳೆ ಕೇರಿದ್ದಳು. ಹಂಪಮ್ಮನಿಗೆ ಆಕೆಯೆಂದರೆ ಅದೇನೋ ಸಲಿಗೆ. ಸೊಸೆಯ ಹತ್ತಿರ ಆಡದ ಮಾತನ್ನು ಆಕೆಯ ಹತ್ತಿರ ಆಡುತ್ತಿದ್ದಳು. ಹಂಪಮ್ಮನ ತಾಯಿಯ ಕಾಲದ್ದೊಂದು ಬೆಳ್ಳಿಯ ಕರಡಿಗೆ, ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವಂಥದ್ದು, ದೇವರ ಜಗುಲಿಯ ಮೇಲೆ ಇರುತ್ತಿತ್ತು. ಒಂದು ದಿನ ಅದು ಕಾಣಲಿಲ್ಲ. ಮನೆಯೊಳಗೆ ಹೊರಗಿನವರೆಂದರೆ ಶೇಖಮ್ಮ ಒಬ್ಬಳೇ. ಬೆಳಗಿನ ಬಸ್ಸಿಗೆ ಕಾಯುತ್ತ ನಿಂತ ಜನರ ಎದುರಿಗೆ ಕಸ್ತೂರಮ್ಮ ಆಕೆಯ ಚೀಲ ಕೊಡವಿದಳು, ಸೆರಗು ಜಾಡಿಸಿದಳು. "ಬೀರಪ್ಪನ ಆಣಿ, ನಾ ಮುಟ್ಟಿಲ್ರಿ" ಎಂದು ಶೇಖಮ್ಮ ಅಂದಾಗ, "ಆಣಿ ಕಳ್ಳರ ಬಾಯಾಗ ಮೊದಲ ಬರತದ" ಎಂದಿದ್ದಳು. ಶೇಖಮ್ಮ ಮೊರವನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು. ಅವತ್ತಿನಿಂದ ಆ ಮನೆಯ ದೊಡ್ಡವರು ಯಾರೂ ಈ ಓಣಿ ತುಳಿಯಲಿಲ್ಲ. ಉಪ್ಪು ಬೇಕಾದರೂ ಊರು ಸುತ್ತಿ ಬೇರೆ ಅಂಗಡಿಗೆ ಹೋದರು.

ಮರುವರ್ಷ ಹಂಪಮ್ಮ ತೀರಿಕೊಂಡಳು. ಕೊನೆಕೊನೆಗೆ ಆಕೆಗೆ ಅರಳುಮರಳಾಗಿತ್ತು. ಆಕೆ ಹೋದ ಮೇಲೆ ಹಾಸಿಗೆಯ ಅರಳೆ ಹಿಂಜಿಸಬೇಕೆಂದು ಕಸ್ತೂರಮ್ಮ ಅತ್ತೆಯ ತಲೆದಿಂಬಿನ ಹೊಲಿಗೆ ಬಿಚ್ಚಿದಾಗ, ಅರಳೆಯ ನಡುವಿನಿಂದ ಕರಡಿಗೆ ಟಪ್ಪೆಂದು ನೆಲಕ್ಕೆ ಬಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅದನ್ನು ತನ್ನ ಧಾರೆ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಹೇಳದೆ ಕಳೆದ ಒಂದೊಂದು ದಿನವೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡಿತು. ಆಮೇಲಾಮೇಲೆ ಆಕೆ ಊರಿನವರನ್ನೆಲ್ಲ ಮೊದಲಿಗಿಂತ ಹೆಚ್ಚು ಕಳ್ಳರಂತೆ ನೋಡತೊಡಗಿದಳು.

ಇಷ್ಟೆಲ್ಲ ಇದ್ದದ್ದರಿಂದಲೇ ಆ ಮಂಗಳವಾರ ಕಸ್ತೂರಮ್ಮನಿಗೆ ಕ್ಲಿಪ್ಪು ಕ್ಲಿಪ್ಪಾಗಿ ಕಾಣಲಿಲ್ಲ. ಶೇಖಮ್ಮನಿಗೆ ಎಲ್ಲಿಂದಲೋ ಸುಳಿವು ಸಿಕ್ಕಿದೆ; ಮೊಮ್ಮಗಳ ಕೈಯಲ್ಲಿ ‘ತಪ್ಪಾತ್ರಿ’ ಎನ್ನಿಸಿ ತನ್ನನ್ನು ಚುಚ್ಚುತ್ತಿದ್ದಾಳೆ; ಆ ಟೀಚರೂ ಇದರಲ್ಲಿ ಸೇರಿಕೊಂಡಿದ್ದಾಳೆ. ಎಷ್ಟು ಯೋಚಿಸಿದರೂ ಹಾಗೇ ಅನ್ನಿಸಿತು.

ಬುಧವಾರ ಆಕೆ ಸ್ಟೂಲನ್ನು ಶಾಲೆಯ ಕಡೆ ತಿರುಗಿಸಿ ಕೂತಳು. ಪ್ರಾರ್ಥನೆ ಮುಗಿದ ಮೇಲೆ ನಾಲ್ಕನೆಯ ಇಯತ್ತೆಯ ಮಕ್ಕಳು ಒಳಗೆ ಹೋಗಲಿಲ್ಲ. ಬೇವಿನ ಗಿಡದ ಕೆಳಗೆ ದುಂಡಗೆ ಕೂತರು. ಶಹಾಪುರದಿಂದ ದಿನಾ ಬಸ್ಸಿಗೆ ಬಂದುಹೋಗುವ ತಸ್ಲೀಮಾ ಟೀಚರೂ ಅವರ ನಡುವೆ ನೆಲಕ್ಕೇ ಕೂತಳು. ಒಂದು ಅರಿವೆಯ ಚೆಂಡು ಕೈಯಿಂದ ಕೈಗೆ ಹೋಗುತ್ತಿತ್ತು. ಚೆಂಡು ಬಂದ ಮಗು ಏನೋ ಹೇಳುತ್ತಿತ್ತು, ಉಳಿದವರು ಕೇಳುತ್ತಿದ್ದರು. ಕೆಲವರು ಏನೂ ಹೇಳದೆ ಚೆಂಡು ಮುಂದೆ ಕಳಿಸುತ್ತಿದ್ದರು. ಪುಸ್ತಕವಿಲ್ಲ, ಪಾಟಿಯಿಲ್ಲ. ಕಸ್ತೂರಮ್ಮ ಕಿವಿ ಎಷ್ಟು ಚಾಚಿದರೂ ಒಂದು ಅಕ್ಷರ ಕೇಳಲಿಲ್ಲ. ಮಹಾನಂದಾ ಆ ದುಂಡಿನಲ್ಲಿ ಕಾಣಲಿಲ್ಲ.

ಸಂಜೆ ದಾನೇಶ್ವರಿ ಚೂಡಾ ತಿನ್ನುತ್ತ ಕೂತಾಗ ಆಯಿ ಪಕ್ಕಕ್ಕೆ ಬಂದಳು.

"ಏನ ಮಾಡತೀರಿ ನೀವು ಗಿಡದ ಬುಡಕ?"

"ಮನಸಿನ ಮಾತ ಆಡತೀವಿ. ಸಿಟ್ಟು ಬಂದ್ರ ಏನ ಮಾಡಬೇಕು, ಯಾರರೆ ಅಳಾಕತ್ತಿದ್ರ ಏನ ಮಾಡಬೇಕು, ಹಂಗ."

"ಯಾರ್ಯಾರು ಏನೇನ ಹೇಳಿದ್ರು?"

"ಅದು ಹೇಳಂಗಿಲ್ಲ ಆಯಿ. ಮಂದೀದು ಮಂದೀದ. ನಂದು ಬೇಕಾದ್ರ ಹೇಳತೀನಿ."

ಕಸ್ತೂರಮ್ಮನ ಗುಮಾನಿ ಗಟ್ಟಿಯಾಯಿತು. ಮನೆಯ ಆಯಿಗೂ ಹೇಳಬಾರದಂಥದ್ದನ್ನು ಒಬ್ಬ ಟೀಚರು ಮಕ್ಕಳಿಗೆ ಕಲಿಸುತ್ತಿದ್ದಾಳೆ! "ನಿಂದೇನು? ಹೇಳು."

ಹುಡುಗಿ ಚೂಡಾದ ತಾಟು ನೋಡುತ್ತ ಹೇಳಿದಳು: "ಸೋಮವಾರ ಅವ್ವ ಅಪ್ಪ ಬಸ್ ಹತ್ತಿದ ಮ್ಯಾಲೆ ನಾ ಬಚ್ಚಲಮನ್ಯಾಗ ಹೋಗಿ ಅಳತೀನಿ ಅಂದೆ."

ಇದು ಕಸ್ತೂರಮ್ಮನಿಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದು ಗೋಡೆಯಾಚೆ, ಎಷ್ಟು ಸೋಮವಾರಗಳಿಂದಲೋ. ಆದರೆ ಬಾಯಿಗೆ ಬಂದದ್ದು ಬೇರೆ. "ಮನಿ ಮಾತ ಊರಿಗೆಲ್ಲ ಸಾರಿ ಬಂದಿ? ನಾವು ನಿನಗ ಹೊಟ್ಟಿಗಿ ಹಾಕೂದಿಲ್ಲಂತ ತಿಳಕೊಂಡಾರ ಮಂದಿ! ಇನ್ನ ಮ್ಯಾಲೆ ಆ ಚೆಂಡು ಮುಟ್ಟಿದಿ ಅಂದ್ರ ನೋಡು."

ದಾನೇಶ್ವರಿ ತಾಟು ಬದಿಗಿಟ್ಟು ಎದ್ದು ಹೋದಳು. ಆ ರಾತ್ರಿ ಊಟಕ್ಕೆ ಕೂತಾಗ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆಯೂ ಆಡಲಿಲ್ಲ. ಕೇಳಿದ್ದಕ್ಕೆಲ್ಲ ‘ಹೂಂ’, ‘ಊಹೂಂ’, ಅಷ್ಟೇ.

ಗುರುವಾರ ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತ ಹೊತ್ತು ನೋಡಿ ಕಸ್ತೂರಮ್ಮ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಗೇಟು ದಾಟಿದಳು. ತಸ್ಲೀಮಾ ವರಾಂಡದಲ್ಲಿ ನಿಂತು ಮಕ್ಕಳ ತಾಟು ನೋಡುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು.

"ಟೀಚರ್, ನಿಮಗ ಸರ್ಕಾರ ಪಗಾರ ಕೊಡೂದು ಪಾಠ ಹೇಳಾಕ. ಮನಿ ಮನಿ ಸುದ್ದಿ ಕೂಡಿಹಾಕಾಕ ಅಲ್ಲ."

ತಸ್ಲೀಮಾಳ ಮುಖ ಗಂಟಿಕ್ಕಿತು. "ನಾ ಯಾರ ಮನಿ ಸುದ್ದೀನೂ ಕೇಳೂದಿಲ್ರಿ ಅಮ್ಮಾರ. ಹೇಳಬೇಕನಸಿದವರು ಹೇಳತಾರ, ಇಲ್ಲಂದ್ರ ಚೆಂಡು ಮುಂದ ಕಳಸತಾರ. ಇಲ್ಲಿಂದು ಇಲ್ಲೇ ಬಿಡಬೇಕು ಅಂತ ಮೊದಲನೇ ದಿನಾನ ಮಕ್ಕಳ ಕಡಿಂದ ಮಾತ ತಗೊಂಡೀನಿ. ನಾನೂ ಕೊಟ್ಟೀನಿ."

"ಹಂಗಂದ್ರ ಆ ಶೇಖಮ್ಮನ ಮೊಮ್ಮಗಳನ್ನ ನನ್ನ ಅಂಗಡಿಗಿ ಕಳಿಸಿದವರು ಯಾರು?"

"ಮಹಾನಂದಾನ್ನ? ಯಾತಕ್ಕ?"

ಕಸ್ತೂರಮ್ಮ ಆಕೆಯ ಮುಖವನ್ನೇ ನೋಡಿದಳು. ಸುಳ್ಳು ಹೇಳುವವರ ಮುಖ ಆಕೆಗೆ ಚೆನ್ನಾಗಿ ಗೊತ್ತು, ಇದು ಅದಲ್ಲ. ಕ್ಲಿಪ್ಪಿನ ಮಾತು ಹೇಳಿದಳು. ಕೇಳುತ್ತ ಕೇಳುತ್ತ ಟೀಚರ ಗಂಟು ಮುಖ ಸಡಿಲಾಯಿತು.

"ತಾನಾಗೆ ಬಂದು ಹೇಳಿದಳಾ? ನಂಗ ಗೊತ್ತ ಇಲ್ರಿ ಇದು." ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಒಂಬತ್ತು ವರ್ಷದ ಹುಡುಗಿ, ಒಬ್ಬಾಕಿನ... ದೊಡ್ಡವರ ಕೈಲೆ ಆಗೂದಿಲ್ರಿ ಅದು. ನೀವೇನಂದ್ರಿ ಅಕಿಗಿ?"

ಕಸ್ತೂರಮ್ಮನಿಗೆ ತಾನು ಅಂದದ್ದು ನೆನಪಿತ್ತು. ಮಕ್ಕಳ ತಾಟಿನ ಕಡೆ ಮುಖ ತಿರುಗಿಸಿದಳು.

ತಸ್ಲೀಮಾ ಒತ್ತಾಯಿಸಲಿಲ್ಲ. "ಮೂರು ದಿನ ಆತು, ಅಕಿ ಶಾಲಿಗೇ ಬಂದಿಲ್ಲ. ಜ್ವರ ಇರಬೇಕು ಅನ್ಕೊಂಡಿದ್ದೆ" ಎಂದಷ್ಟೇ ಹೇಳಿದಳು. ಹೊರಡುವಾಗ ಗೇಟಿನವರೆಗೂ ಬಂದು ಇನ್ನೊಂದು ಮಾತು ಆಡಿದಳು: "ದಾನೇಶ್ವರಿ ಏನರೆ ಹೇಳಿದ್ರ ಬೈಬ್ಯಾಡ್ರಿ. ಅಳಬ್ಯಾಡ ಅಂತನೂ ಅನಬ್ಯಾಡ್ರಿ. ಸುಮ್ಮ ಅಕಿ ಬಾಜೂಕ ಕುಂದರ್ರಿ."

ಸುಮ್ಮನೆ ಕೂರುವುದಂತೆ! ಇದನ್ನು ಕಲಿಸಲು ಒಬ್ಬಾಕೆ ಶಹಾಪುರದಿಂದ ಬರಬೇಕೆ? ಕಸ್ತೂರಮ್ಮ ಗೊಣಗುತ್ತ ಬಂದಳು. ಆದರೆ ಹುಡುಗಿ ಶಾಲೆಗೆ ಬಂದಿಲ್ಲವೆಂಬ ಮಾತು ಅಂಗಡಿಯವರೆಗೂ ಬಂದಿತು, ಬಂದು ಒಳಗೇ ಉಳಿಯಿತು. ಹುಡುಗಿ ಮನೆಯಲ್ಲಿ ಹೇಳಿಯೇ ಇರುತ್ತಾಳೆ. ಶೇಖಮ್ಮ ಈಗಲೋ ಇನ್ನೊಂದು ಗಳಿಗೆಗೋ ಜಗಳಕ್ಕೆ ಬರುತ್ತಾಳೆ. ಓಣಿಯ ತಿರುವಿನಲ್ಲಿ ಕಂಬಳಿ ಹೊದ್ದವರು ಯಾರು ಕಂಡರೂ ಕಸ್ತೂರಮ್ಮನ ಕೈ ತೂಕದ ಮಷೀನಿನ ಮೇಲೇ ನಿಲ್ಲುತ್ತಿತ್ತು. ಗುರುವಾರ ಕಳೆಯಿತು, ಶುಕ್ರವಾರ ಕಳೆಯಿತು. ಯಾರೂ ಬರಲಿಲ್ಲ. ಬಾರದಿದ್ದದ್ದು ಬರುವುದಕ್ಕಿಂತ ಕೆಟ್ಟದಾಗಿತ್ತು.

ಶನಿವಾರ ನಡುಹಗಲಿಗೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಆಕೆ ಹಿಂದಿನ ಪಡಸಾಲೆಗೆ ಹೋಗಿ ಗಂಡನ ಎದುರಿಗೆ ಕುಕ್ಕರಿಸಿದಳು.

"ಕೇಳ್ರಿ ಇಲ್ಲಿ. ಅತ್ತೀದು ಬೆಳ್ಳಿ ಕರಡಿಗಿ ಇತ್ತಲ್ಲ..."

ಮಲ್ಲಿನಾಥ ಬೇಳೆಯಿಂದ ತಲೆಯೆತ್ತಲಿಲ್ಲ. "ಟ್ರಂಕಿನಾಗ ಅದ."

"ನಿಮಗ ಯಾವಾಗ ಗೊತ್ತಾತು?"

"ಮಹೇಶನ ಲಗ್ನದಾಗ. ಧೋತರ ಹುಡಕಾಕ ಹೋಗಿದ್ದೆ."

"ಮತ್ತ ಬಾಯಿ ಬಿಡಲಿಲ್ಲ ಯಾಕ?"

ಆತ ಸ್ವಲ್ಪ ಹೊತ್ತು ಬೇಳೆಯೊಳಗಿನ ಹರಳೊಂದನ್ನು ಹುಡುಕಿದ. "ಏನಂತ ಕೇಳಲಿ? ಶೇಖಮ್ಮ ನಮ್ಮವ್ವನ ಕೂಡ ಸಲಿಗಿಲೆ ಇರೂದು ನಿನಗ ಆಗ್ತಿದ್ದಿಲ್ಲ. ಅಕಿನ್ನ ಬಿಡಸಬೇಕಂತ ನೀನ ಮುಚ್ಚಿಟ್ಟಿ ಅಂತ ತಿಳಕೊಂಡೆ."

"ನಾನಾ? ನಾ ಮುಚ್ಚಿಡತೀನೇನ್ರಿ? ಅತ್ತಿ ತಲೆದಿಂಬಿನಾಗ ಸಿಕ್ಕಿತ್ತು. ಅರಳಿ ಬಿಚ್ಚೂಮುಂದ ಬಿತ್ತು. ಖರೇನ ಹೇಳಾಕತ್ತೀನಿ."

"ಇರಬಹುದು."

"ಇರಬಹುದು ಅಂದ್ರ? ಆ... ಆ ಕರಡಿಗಿ ಆಣಿ ಮಾಡಲೇನು?"

ಮಲ್ಲಿನಾಥ ಆಗ ತಲೆಯೆತ್ತಿ ಹೆಂಡತಿಯನ್ನು ನೋಡಿದ. ನೋಟದಲ್ಲಿ ಕೆಡುಕೇನಿರಲಿಲ್ಲ. ಆದರೆ ನಂಬಿಕೆಯೂ ಪೂರ್ತಿ ಇರಲಿಲ್ಲ. ಈ ಮನುಷ್ಯ ಆಕೆ ಬಡಿಸಿದ್ದನ್ನು ಉಂಡು, ಆಕೆಯ ಪಕ್ಕಕ್ಕೆ ಮಲಗಿ, ಇಷ್ಟು ವರ್ಷ ಮನಸ್ಸಿನಲ್ಲಿ ಇದನ್ನು ಇಟ್ಟುಕೊಂಡಿದ್ದನಲ್ಲ! ತಾನು ಮಾಡದ್ದನ್ನು ಮಾಡಿಲ್ಲವೆಂದು ತೋರಿಸಲು ಆಕೆಯ ಹತ್ತಿರ ಏನೂ ಇರಲಿಲ್ಲ. ದಿಂಬು ಇರಲಿಲ್ಲ, ಅತ್ತೆ ಇರಲಿಲ್ಲ, ನೋಡಿದವರು ಯಾರೂ ಇರಲಿಲ್ಲ. ಗಂಟಲಿನ ಕೆಳಗೆ, ಎದೆಯ ನಟ್ಟನಡುವೆ, ಮುಷ್ಟಿಯಷ್ಟು ದೊಡ್ಡದೇನೋ ಬಂದು ಕೂತಿತು. ಕಸ್ತೂರಮ್ಮ ಅಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತೆ ಚೀಲ ಬಿಚ್ಚಿದಂದಿನ ಅಳು ಅದು. ನಲವತ್ತೆರಡು ವರ್ಷ ತಡವಾಗಿ ಮುಂದುವರಿಯಿತು.

ಶಾಲೆ ಬಿಟ್ಟು ಬಂದ ದಾನೇಶ್ವರಿ ಬಾಗಿಲಲ್ಲಿ ನಿಂತು ನೋಡಿದಳು. ನಾಲ್ಕು ದಿನದ ಮುನಿಸು ಇನ್ನೂ ಇತ್ತು. ಆದರೂ ಪಾಟೀಚೀಲ ಇಳಿಸಿ, ಬಂದು ಆಯಿಯ ಪಕ್ಕಕ್ಕೆ ಕೂತಳು. ಯಾಕೆಂದು ಕೇಳಲಿಲ್ಲ, ಅಳಬ್ಯಾಡ ಎನ್ನಲಿಲ್ಲ. ಮಲ್ಲಿನಾಥ ಮೊರ ಕೆಳಗಿಟ್ಟು ನೀರು ತರಲು ಎದ್ದ.

ಭಾನುವಾರ ಇಳಿಹೊತ್ತಿಗೆ ಕಸ್ತೂರಮ್ಮ ಬೀರಪ್ಪನ ಗುಡಿಯ ಹಿಂದಿನ ಓಣಿಗೆ ಹೊರಟಳು. ಮಹಾನಂದಾ ನನ್ನ ಗೆಳತಿ, ನಾನೂ ಬರತೀನಿ ಎಂದು ದಾನೇಶ್ವರಿ ಹಟಮಾಡಿ ಜೊತೆಗೆ ಬಂದಳು. ದಾರಿಯಲ್ಲಿ ಕಂಡವರೆಲ್ಲ, ಈಕೆ ಈ ಕಡೆ ಯಾಕೆ ಹೊರಟಳೆಂದು ನಿಂತು ನೋಡಿದರು.

ಶೇಖಮ್ಮ ಹಟ್ಟಿಯ ಮುಂದೆ ಕುರಿಮರಿಯೊಂದರ ಕಾಲಿಗೆ ಅರಿಷಿಣ ಹಚ್ಚುತ್ತಿದ್ದಳು. ಬಂದವಳನ್ನು ಗುರುತು ಹಿಡಿದ ಮೇಲೂ ಕೈ ನಿಲ್ಲಿಸಲಿಲ್ಲ.

"ಈಗೇನ್ ಕಳಕೊಂಡೀರಿ ಅಮ್ಮಾರ?" ಎಂದಳು. "ಹುಡುಗಿ ಎಲ್ಲಾ ಹೇಳ್ಯಾಳ. ಕ್ಲಿಪ್ ತಂದು ಕೊಟ್ಟಾಳಂತಲ್ಲ. ಇನ್ನೂ ಏನರೆ ಕಡಿಮಿ ಬಿದ್ದದೇನು? ಮನಿ ಹುಡಕ್ರಿ. ಟ್ರಂಕ ಅದ, ಕಾಳಿನ ಗಳಗಿ ಅದ, ಎಲ್ಲಾ ಬಿಚ್ಚಿ ತೋರಿಸ್ತೀನಿ."

ಬರುವಾಗ ಕಸ್ತೂರಮ್ಮ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ. "ಕರಡಿಗಿ ಸಿಕ್ಕದ" ಎಂದಳು.

ಶೇಖಮ್ಮ ಮರಿಯನ್ನು ಕೆಳಗಿಳಿಸಿದಳು.

"ಯಾವಾಗ?"

"ನಮ್ಮತ್ತಿ ಸತ್ತ ವರ್ಷ. ಅಕೀನ ದಿಂಬಿನಾಗ ಇಟ್ಟಿದ್ಲು. ನಾ... ನಾ ಹೇಳಲಿಲ್ಲ. ನಂದು ತಪ್ಪಾತು ಶೇಖಮ್ಮ. ನನಗ ಮಾಫ್ ಮಾಡು."

ಶೇಖಮ್ಮನ ಮುಖದಲ್ಲಿ ಸಂತೋಷ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ. ಈ ಮಾತಿನ ಹಿಂದೆ ಮತ್ತೇನಿದೆ ಎಂದು ಹುಡುಕುವ ನೋಟ. ತನ್ನದೇ ನೋಟ ತನಗೆ ತಿರುಗಿ ಬಂದದ್ದು ಕಸ್ತೂರಮ್ಮನಿಗೆ ತಿಳಿಯಿತು.

"ನನ್ನ ದೊಡ್ಡ ಮಗಳ ಲಗ್ನದ ಮಾತ ಮುರದು ಹೋತು ಅವತ್ತು" ಎಂದಳು ಶೇಖಮ್ಮ ಕೊನೆಗೆ. "ಕಳ್ಳೀ ಮಗಳಂತ. ಎರಡು ವರ್ಷ ಬಿಟ್ಟು ಸುರಪುರದ ಕಡಿ ಕೊಟ್ಟಿವಿ. ನಿಮಗ ಗೊತ್ತಿಲ್ಲ ಅದು."

"ಗೊತ್ತಿಲ್ಲ."

"ಅವತ್ತ ಅಂದದ್ದು ಬಸ್ಸಿಗಿ ನಿಂತ ಮಂದಿ ಎಲ್ಲಾರ ಮುಂದ. ಈಗ ತಪ್ಪಾತು ಅನಾಕತ್ತೀರಿ, ನನ್ನ ಕುರಿ ಮುಂದ. ಕುರೀಗಿ ನಾ ಕಳ್ಳಿ ಅಲ್ಲಂತ ಮೊದಲ ಗೊತ್ತದ ಅಮ್ಮಾರ."

ಹಟ್ಟಿಯ ಬಾಗಿಲಲ್ಲಿ ಮಹಾನಂದಾ ನಿಂತಿದ್ದಳು. ಕಸ್ತೂರಮ್ಮ ಆಕೆಯ ಕಡೆ ತಿರುಗಿ, "ನಿನಗೂ ನಾ ಅನಬಾರದ್ದು ಅಂದೆ ತಂಗಿ. ನೀ ಖರೆ ಹೇಳಿದ್ದಿ" ಎಂದಳು. ಹುಡುಗಿ ಆಕೆಯನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದಳು: "ನಿಮಗ ಎಲ್ಲಿ ಕುಂತಿತ್ರಿ?" ಕಸ್ತೂರಮ್ಮ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ಮಹಾನಂದಾ ತಿಳಿದವಳಂತೆ ತಲೆಯಾಡಿಸಿ, ಮರಿಗಳನ್ನು ತೋರಿಸಲು ದಾನೇಶ್ವರಿಯನ್ನು ಒಳಗೆ ಕರೆದೊಯ್ದಳು.

ಸೋಮವಾರ ಬೆಳಿಗ್ಗೆ ಶಹಾಪುರದ ಬಸ್ಸಿಗೆ ಹದಿನೈದಿಪ್ಪತ್ತು ಜನ ನಿಂತಿದ್ದರು. ಮಹೇಶಕುಮಾರನೂ ಆತನ ಹೆಂಡತಿಯೂ ಅವರಲ್ಲಿದ್ದರು. ಆಗಷ್ಟೇ ಬಂದಿಳಿದ ತಸ್ಲೀಮಾ ಟೀಚರು ಗೇಟಿನ ಹತ್ತಿರ ನಿಂತಳು. ಓಣಿಯ ತುದಿಯಲ್ಲಿ ಮೊಮ್ಮಗಳ ಕೈ ಹಿಡಿದು ಶೇಖಮ್ಮ ಬಂದದ್ದು ಕಂಡಿತು. ಅಲ್ಲಿಗೇ ನಿಂತಳು, ಮುಂದೆ ಬರಲಿಲ್ಲ. ಕಸ್ತೂರಮ್ಮ ಅಂಗಡಿಯ ಕಟ್ಟೆಯ ಮೇಲೆ ಕರಡಿಗೆಯನ್ನಿಟ್ಟು, ಕೈಜೋಡಿಸಿ ಗಟ್ಟಿಯಾಗಿ ಹೇಳಿದಳು:

"ಎಲ್ಲಾರೂ ಕೇಳ್ರಿ. ಹನ್ನೆರಡು ವರ್ಷದ ಹಿಂದ ನಾ ಇಲ್ಲೇ ನಿಂತು ಶೇಖಮ್ಮಗ ಕಳ್ಳಿ ಅಂದಿದ್ದೆ. ಅಕಿ ತಗೊಂಡಿದ್ದಿಲ್ಲ. ಕರಡಿಗಿ ನಮ್ಮ ಮನ್ಯಾಗ ಇತ್ತು. ಸಿಕ್ಕ ಮ್ಯಾಲೂ ನಾ ಬಾಯಿ ಮುಚ್ಚಿದ್ದೆ. ತಪ್ಪು ನಂದು."

ಹೇಳಿ ಮುಗಿಯುತ್ತಲೇ ಗುಸುಗುಸು ಶುರುವಾಯಿತು. ಊರಿಗೆ ಇದು ನಂಬುವಂಥ ಮಾತಾಗಿರಲಿಲ್ಲ. ಭೀಮರಾಯನೆಂಬ ಗೌಂಡಿ ಪಕ್ಕದವನ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: "ಪಂಚಾಯ್ತಿ ಎಲೆಕ್ಷನ್ ಬಂತೇನು? ಈಕಿ ನಿಂದರಾಕತ್ತಾಳ ನೋಡು." ಇನ್ನೊಬ್ಬಳು, ಯಾವುದೋ ಸ್ವಾಮಿಗಳು ದೋಷ ಇದೆ ಅಂದಿರಬೇಕು, ಪರಿಹಾರಕ್ಕೆ ಮಾಡುತ್ತಿದ್ದಾಳೆ ಎಂದಳು. ಕಸ್ತೂರಮ್ಮನಿಗೆ ಎಲ್ಲ ಕೇಳಿಸಿತು. ಹಾಗಲ್ಲ ಎಂದು ಕೂಗಿ ಹೇಳಬೇಕೆನಿಸಿತು, ಹೇಳಲಿಲ್ಲ. ಮೊದಲಾಗಿದ್ದರೆ ತಾನೂ ಹಾಗೇ ಅನ್ನುತ್ತಿದ್ದಳು. ಓಣಿಯ ತುದಿಯತ್ತ ನೋಡಿದಾಗ ಶೇಖಮ್ಮ ಆಗಲೇ ಬೆನ್ನು ತಿರುಗಿಸಿ ಹೊರಟಿದ್ದಳು. ಮಹಾನಂದಾ ಒಬ್ಬಳೇ ಚೀಲ ಹೆಗಲಿಗೇರಿಸಿ ಶಾಲೆಯ ಕಡೆ ಬರುತ್ತಿದ್ದಳು.

ಬಸ್ಸು ಬಂತು, ಮಗ ಸೊಸೆಯರನ್ನು ಹತ್ತಿಸಿಕೊಂಡು ಹೋಯಿತು. ದಾನೇಶ್ವರಿ ಕಾಣಲಿಲ್ಲ. ಕಸ್ತೂರಮ್ಮ ಅಂಗಡಿ ಹಾಗೇ ಬಿಟ್ಟು ಬಚ್ಚಲಮನೆಗೆ ಹೋದಳು. ಹುಡುಗಿ ಹಂಡೆಯ ಪಕ್ಕಕ್ಕೆ ಮೊಣಕಾಲು ಮಡಚಿ ಕೂತಿದ್ದಳು. ಕಸ್ತೂರಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಒದ್ದೆ ಕಲ್ಲಿನ ಮೇಲೇ ಸೀರೆ ಮುದುರಿಕೊಂಡು ಕೂತಳು. ಟೀಚರ ಮದ್ದು ಕೆಲಸ ಮಾಡುತ್ತದೆಂಬ ನಂಬಿಕೆ ಆಕೆಗಿರಲಿಲ್ಲ. ಹೊರಗೆ ಯಾರೋ "ಅಮ್ಮಾರ, ಬೆಂಕಿಪೆಟ್ಟಿಗಿ!" ಎಂದು ಕೂಗಿದರು. ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯ ತಲೆ ಆಕೆಯ ತೋಳಿಗೆ ಒರಗಿತು.

"ಅವ್ವಗ ಫೋನ್ ಹಚ್ಚೂನೇನು, ಬಸ್ನ್ಯಾಗ ಇದ್ದಾಗ?" ಎಂದು ಕೇಳಿದಳು ಕಸ್ತೂರಮ್ಮ.

"ಹೂಂ" ಎಂದಳು ದಾನೇಶ್ವರಿ. ಆಮೇಲೆ, "ಆಯಿ, ಸೀರಿ ತೋಯ್ತು" ಎಂದಳು.

ಹಾಗೆಂದು ಕಸ್ತೂರಮ್ಮ ಬೇರೆಯವಳಾಗಲಿಲ್ಲ. ಕ್ಲಿಪ್ಪುಗಳನ್ನು ಈಗಲೂ ಎಣಿಸುತ್ತಾಳೆ. ತಸ್ಲೀಮಾ ಪಾಲಕರ ಸಭೆಗೆ ಕರೆದು, ಮನೆಯಲ್ಲಿ ಮಕ್ಕಳ ಮಾತು ಹೇಗೆ ಕೇಳುತ್ತೀರಿ ಎಂದಾಗ, "ನಾ ಯಾಕ ಹೇಳಬೇಕು, ಬರಕೊಂಡು ಎಲ್ಲಿಗಿ ಕಳಸತೀರೋ ಏನೋ" ಎಂದು ಎಲ್ಲರನ್ನೂ ನಗಿಸಿದಳು. ಗಂಡನ ಮೇಲಿನ ಮುನಿಸು ದೀಪಾವಳಿಯವರೆಗೂ ಇಳಿಯಲಿಲ್ಲ. ಆಮೇಲೊಂದು ದಿನ ಆತ ತಾನಾಗಿ, "ನಾ ಅವತ್ತ ಕೇಳಬೇಕಿತ್ತು" ಎಂದ. ಅಷ್ಟಕ್ಕೇ ಆಕೆ ಆತನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.

ಶೇಖಮ್ಮ ಮಾತ್ರ ಆರು ತಿಂಗಳು ಆ ಓಣಿಗೆ ಕಾಲಿಡಲಿಲ್ಲ. ಏನಾದರೂ ಬೇಕಾದರೆ ಮೊಮ್ಮಗಳನ್ನು ಕಳಿಸುತ್ತಿದ್ದಳು. ತೊಗರಿ ರಾಶಿ ಮುಗಿದ ಮೇಲೆ ಒಂದು ಮುಂಜಾನೆ ತಾನೇ ಬಂದಳು. ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತಳು.

"ಎರಡು ಕಿಲೋ ಸಕ್ಕರಿ ಬೇಕಿತ್ತು" ಎಂದಳು. ಮನೆಯ ಕೂಸಿನ ಜಾವಳವೋ, ಮಗಳ ಬಾಣಂತನವೋ, ಯಾಕೆಂದು ಹೇಳಲಿಲ್ಲ, ಕಸ್ತೂರಮ್ಮ ಕೇಳಲೂ ಇಲ್ಲ. ಸಕ್ಕರೆ ತೂಕಕ್ಕಿಟ್ಟಾಗ ಶೇಖಮ್ಮ ಕತ್ತು ಚಾಚಿ ಹುಬ್ಬು ಗಂಟಿಕ್ಕಿದಳು.

"ತೂಕ ಬರೋಬ್ಬರಿ ಅದ ಏನು?"

ಕಸ್ತೂರಮ್ಮ ತೂಕದ ಮಷೀನನ್ನು ಎರಡೂ ಕೈಯಿಂದ ಎತ್ತಿ, ಅಂಕಿ ಆಕೆಯ ಕಡೆಗೆ ಕಾಣುವ ಹಾಗೆ ತಿರುಗಿಸಿಟ್ಟಳು.